ಪಾಚಿಯ ಔತಣ

ಊರಿನ ಚರಂಡಿ ನೀರು ಸೇರಿ ಸೇರಿ ಕೆರೆಯಲ್ಲಿ ನೀಲಿಹಸಿರು ಪಾಚಿ ಉಕ್ಕಿತು. "ಬನ್ನಿ, ಉಣ್ಣಿ, ಎಷ್ಟು ಬೇಕಾದರೂ ಇದೆ," ಎಂದು ಎಲ್ಲರನ್ನೂ ಕರೆಯಿತು. ಸಾಸಿವೆಗಿಂತ ಚಿಕ್ಕದಾದ ನೀರುಚಿಗಟವೊಂದು ಬೆನ್ನಲ್ಲಿ ಮೊಟ್ಟೆ ಹೊತ್ತು ಬಂದು, ಕಾಲುಗಳಿಂದ ನೀರು ಸೋಸಿ ಸಿಕ್ಕಿದ್ದನ್ನೆಲ್ಲ ನುಂಗತೊಡಗಿತು.

ಪಕ್ಕದಲ್ಲಿದ್ದ ಒಂಟಿಕಣ್ಣಿನ ನೀರುಹುಳು ಹೇಳಿತು: "ಅಕ್ಕಾ, ಅದು ವಿಷ. ನನ್ನ ಹಾಗೆ ಪ್ರತಿ ತುತ್ತನ್ನೂ ನೋಡಿ ಆರಿಸಿಕೋ."

"ಆರಿಸುತ್ತ ಕೂರುವುದು ಕೆಲಸವಿಲ್ಲದವರಿಗೆ. ನಮ್ಮಮ್ಮ ಸೋಸಿಯೇ ನಮ್ಮನ್ನೆಲ್ಲ ಸಾಕಿದಳು."

"ನಿಮ್ಮಮ್ಮ ಸೋಸಿದ್ದು ಈ ನೀರನ್ನಲ್ಲ."

ಮೂರನೆಯ ದಿನ ಚಿಗಟದ ಕಾಲುಗಳು ಸೋತವು. ಹೆತ್ತ ಮರಿಗಳು ಒಂದೊಂದಾಗಿ ಸತ್ತು ತಳಕ್ಕಿಳಿದವು. "ಯಾಕೆ ನಿಲ್ಲಿಸಿದೆ? ಇನ್ನಷ್ಟು ಬಡಿಸಲೇ?" ಎಂದು ಪಾಚಿ ಕೇಳಿತು.

ಚಿಗಟ ಬಾಯಿ ಮುಚ್ಚಿ, ಮೈಯಲ್ಲಿ ಉಳಿದಿದ್ದ ಕಸುವನ್ನೆಲ್ಲ ಸುರಿದು, ಎರಡೇ ಎರಡು ಮೊಟ್ಟೆಗಳಿಗೆ ಗಟ್ಟಿ ಚಿಪ್ಪು ಕಟ್ಟಿ ಕೆಸರಿಗೆ ಬಿಟ್ಟಿತು.

"ಅವು ಒಡೆಯುವ ಹೊತ್ತಿಗೆ ನೀನಿರುವುದಿಲ್ಲವಲ್ಲ, ಅಕ್ಕಾ," ಎಂದಿತು ನೀರುಹುಳು.

"ಅಮ್ಮ ಇಲ್ಲದಿದ್ದರೂ ಮಕ್ಕಳು ಬೆಳೆಯುತ್ತವೆ. ತಿಳಿನೀರಿಲ್ಲದೆ ಬೆಳೆಯುವುದಿಲ್ಲ. ಅದು ಬರುವ ತನಕ ಮಲಗಿರಲಿ."