ಗಾಳದ ಕೋಲಿಗೆ ಸಿಹಿನೀರು

"ಗುರುಗಳೇ, ವೈರಾಗ್ಯ ಕಷ್ಟ ಎಂದು ಎಲ್ಲರೂ ನನ್ನನ್ನು ಹೆದರಿಸಿದ್ದರು. ನನಗೆ ಬೇಕಾದದ್ದು ಒಂದು ಹೊತ್ತಿನ ಗಂಜಿ, ಎರಡು ಪಂಚೆ. ಯಾರಿಗೂ ನಾನು ಭಾರವಾಗಿಲ್ಲ. ಇಷ್ಟು ಅಗ್ಗಕ್ಕೆ ಸಿಗುವ ದಾರಿಯನ್ನು ಜನ ಯಾಕೆ ಹಿಡಿಯುವುದಿಲ್ಲ?"

ಕೇಳಿದವನು ಈರಭದ್ರ. ಮೂರು ವರ್ಷದ ಹಿಂದೆ, ಹಾಸಿಗೆ ಹಿಡಿದ ತಾಯಿಯನ್ನು ಮದುವೆಯ ವಯಸ್ಸಿಗೆ ಬಂದ ತಂಗಿಯ ಕೈಗೆ ಒಪ್ಪಿಸಿ ಆಶ್ರಮಕ್ಕೆ ಬಂದವನು. ಗುರುಗಳು ಕಡಲ ಸೀಮೆಯವರು, ಮಾತು ಸ್ವಲ್ಪ ಒರಟು.

"ಅಗ್ಗ ಎಂದೆಯಲ್ಲ ಮಾರಾಯ, ಹಾಗಾದರೆ ಒಂದು ಅಗ್ಗದ ಕೋಲಿನ ಕತೆ ಕೇಳು. ನಡುನಡುವೆ ತಲೆ ಆಡಿಸಬೇಡ, ಮುಗಿದ ಮೇಲೆ ಆಡಿಸುವೆಯಂತೆ" ಎಂದು ಶುರು ಮಾಡಿದರು.

ನಮ್ಮ ಕಡೆ, ಹೊಳೆ ಕಡಲಿಗೆ ಸೇರುವ ಅಳಿವೆಯ ಮರಳು ದಿಣ್ಣೆಯಲ್ಲಿ ಒಬ್ಬ ಮೀನುಗಾರನಿದ್ದ. ದೋಣಿಯನ್ನು ದಡಕ್ಕೆ ಎಳೆಯುವಾಗ ಅವನ ಕಾಲು ಅದರಡಿಗೆ ಸಿಕ್ಕಿ ಜಜ್ಜಿಹೋಯಿತು. ಕುಂಟನನ್ನು ದೋಣಿಗೆ ಯಾರು ಹತ್ತಿಸಿಕೊಳ್ಳುತ್ತಾರೆ? ಇನ್ನು ದಡದಲ್ಲಿ ನಿಂತು ಗಾಳ ಹಾಕಿಯೇ ಹೊಟ್ಟೆ ಹೊರೆಯಬೇಕು. ಬಿದಿರು ಕೋಲಿನ ಗಾಳ ಅಲೆ ಒಡೆಯುವ ಜಾಗವನ್ನೂ ದಾಟುವುದಿಲ್ಲ. ದೊಡ್ಡ ಮೀನು ಇರುವುದು ಅದರಾಚೆ. ಹಾಗಾಗಿ ದೂರಕ್ಕೆ ಬೀಸಿ ಎಸೆಯುವ, ರೀಲು ಕಟ್ಟುವ ಕೋಲೊಂದನ್ನು ಕೊಳ್ಳಲು ಪೇಟೆಗೆ ಹೋದ.

ಜಾಣನೇ, ಸುಳ್ಳು ಹೇಳಬಾರದು. ಅಂಗಡಿಯಲ್ಲಿದ್ದ ಕೋಲುಗಳನ್ನೆಲ್ಲ ಬೀಸಿ ನೋಡಿದ, ತುದಿ ಹಿಡಿದು ಬಾಗಿಸಿ ನೋಡಿದ. ತೀರಾ ಗಿಡ್ಡದ್ದನ್ನು ಬಿಟ್ಟ. ಇಡೀ ದಿನ ಹಿಡಿದು ನಿಲ್ಲಲಾಗದಷ್ಟು ಭಾರದ್ದನ್ನೂ ಬಿಟ್ಟ. ಕೊನೆಗೆ ಎರಡು ಉಳಿದವು. ಎರಡಕ್ಕೂ ಒಂದೇ ಉದ್ದ, ಒಂದೇ ಬಾಗು. ಒಂದರ ಬೆಲೆ ಮಾತ್ರ ಇನ್ನೊಂದರ ಅರ್ಧ. ಯಾಕೆ ಎಂದು ಕೇಳಿದ್ದಕ್ಕೆ ಅಂಗಡಿಯವನು ದಾರ ಹಾಯುವ ಉಂಗುರಗಳನ್ನು ತೋರಿಸಿದ. ದುಬಾರಿ ಕೋಲಿನ ಉಂಗುರ ಉಪ್ಪಿಗೆ ಜಗ್ಗುವುದಿಲ್ಲ. ಅಗ್ಗದ್ದಕ್ಕೆ ತುಕ್ಕು ಹಿಡಿಯುತ್ತದೆ, ಆ ತುಕ್ಕು ದಾರವನ್ನು ಕೊಯ್ಯುತ್ತದೆ. ಆದರೆ ದಿನಾ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು ಒರೆಸಿಟ್ಟರೆ ಹತ್ತು ವರ್ಷಕ್ಕೂ ಏನೂ ಆಗದು ಎಂದ.

"ನೀರಿಗೇನು ದುಡ್ಡೇ?" ಎಂದು ನಕ್ಕು ಮೀನುಗಾರ ಅಗ್ಗದ ಕೋಲನ್ನು ಹೆಗಲಿಗೇರಿಸಿದ. ದುಬಾರಿಯದಕ್ಕೂ ಅವನ ಕೈಯಲ್ಲಿ ದುಡ್ಡಿತ್ತು. ಉಳಿದದ್ದರಲ್ಲಿ ಹೆಂಡತಿಗೆ ಒಂದು ಸೀರೆ ತಂದ. ಕೆಟ್ಟವನಲ್ಲ ಅವನು, ಅದನ್ನು ನೆನಪಿಟ್ಟುಕೋ.

ದಿಣ್ಣೆಯ ಬಾವಿಗಳ ನೀರು ಉಪ್ಪು. ಸಿಹಿನೀರಿಗೆ ಮರಳಲ್ಲಿ ಒಂದು ಮೈಲಿ ನಡೆದು ಗುಡ್ಡದ ಬುಡದ ಬಾವಿಗೆ ಹೋಗಬೇಕು. ಹೋಗುವವರು ಹೆಂಗಸರು. ಅಲ್ಲಿ ಗಂಡಸು ಬಲೆ ಹೊರುತ್ತಾನೆ, ಹುಟ್ಟು ಹೊರುತ್ತಾನೆ, ಹೆಣ ಹೊರುತ್ತಾನೆ, ಕೊಡ ಹೊರುವುದಿಲ್ಲ. ಹುಟ್ಟಿದಾಗಿನಿಂದ ಅವನು ಕಂಡದ್ದು ಮನೆಯ ಮೂಲೆಯಲ್ಲಿ ತುಂಬಿ ಕೂತ ಕೊಡವನ್ನು ಮಾತ್ರ. ಅದು ತುಂಬಿಯೇ ಇರುತ್ತದೆ ಎಂದುಕೊಂಡಿದ್ದ.

ಹೆಂಡತಿಯ ಹೆಸರು ಮಂಕಾಳಿ. ಕೋಲು, ರೀಲು, ದಾರ ಎಲ್ಲ ತೊಳೆಯಲು ದಿನಕ್ಕೊಂದು ಕೊಡ ಬೇಕಾಯಿತು. ಎರಡು ಕೊಡ ತರುತ್ತಿದ್ದವಳು ಮೂರು ತಂದಳು. ಒಮ್ಮೆ ಮಾತ್ರ, ಮನೆಯ ಬಾವಿ ನೀರಲ್ಲಿ ತೊಳೆದರಾಗದೇ ಎಂದು ಕೇಳಿದಳು. ಅವನು ಆ ನೀರನ್ನು ನಾಲಿಗೆಗೆ ಹಚ್ಚಿ, ಥೂ ಎಂದು ಉಗಿದು, ಇದು ತಾಗಿದರೆ ಕೋಲು ಹಾಳಾಗುತ್ತದೆ ಎಂದ. ಅವಳು ಮತ್ತೆ ಕೊಡ ಎತ್ತಿಕೊಂಡಳು. ಕೋಲಿಗೆ ಮೀನು ಬಿದ್ದಿತು, ಮನೆಯಲ್ಲಿ ಒಲೆ ಉರಿಯಿತು. ಸಂಜೆ ಅವನು ಒಂದೊಂದೇ ಉಂಗುರವನ್ನು ತೊಳೆದು, ಹಳೆ ಬಟ್ಟೆಯಲ್ಲಿ ಒರೆಸಿ, ಕೋಲನ್ನು ಗೋಡೆಗೆ ಒರಗಿಸುತ್ತಿದ್ದ.

ಬೇಸಿಗೆಯಲ್ಲಿ ಗುಡ್ಡದ ಬಾವಿ ತಳ ಕಂಡಿತು. ಮನೆಗೆ ಎರಡೇ ಕೊಡ ಎಂದು ಹೆಂಗಸರು ತಮ್ಮತಮ್ಮಲ್ಲೇ ಕಟ್ಟು ಮಾಡಿಕೊಂಡರು. ಮಂಕಾಳಿ ಒಂದನ್ನು ಅಡುಗೆಗೂ ಗಂಡನ ಬಾಯಾರಿಕೆಗೂ ಇಟ್ಟಳು, ಒಂದನ್ನು ಕೋಲಿಗೆ ಇಟ್ಟಳು. ಕೋಲು ಕೆಟ್ಟರೆ ಒಲೆ ಆರುತ್ತದೆ ಎಂದು ಅವಳಿಗೆ ಗೊತ್ತಿತ್ತು. ತನಗೆ ಮನೆಯ ಬಾವಿಯ ನೀರನ್ನು ಸೇದಿಕೊಂಡಳು. ಮೊದಲ ಬೇಸಿಗೆ ಕುಡಿದಳು, ಎರಡನೆಯ ಬೇಸಿಗೆಯೂ ಕುಡಿದಳು. ಆಮೇಲೆ ಗುಡ್ಡದ ಬಾವಿ ತುಂಬಿದ ದಿನಗಳಲ್ಲೂ ಅದೇ ಆಯಿತು. ಮೂರನೆಯ ಕೊಡಕ್ಕೆ ಸೊಂಟ ಒಪ್ಪುತ್ತಿರಲಿಲ್ಲ.

ಏಳನೆಯ ವರ್ಷ ಅವಳ ಕಾಲು ಬಾತವು, ಮುಖ ಬಾತಿತು. ಆಸ್ಪತ್ರೆಗೆ ಒಯ್ದರು. ಯಾವ ನೀರು ಕುಡಿಯುತ್ತೀರಿ ಎಂದು ಡಾಕ್ಟರು ಕೇಳಿದಾಗ, ಗುಡ್ಡದ ಬಾವಿಯದು, ಒಳ್ಳೆ ಸಿಹಿನೀರು ಎಂದು ಗಂಡನೇ ಉತ್ತರಿಸಿದ. ಮಂಕಾಳಿ ಗೋಡೆಯ ಕಡೆ ಮುಖ ತಿರುಗಿಸಿದಳು. ಅವನು ಅವಳ ಕಡೆ ಬಾಗಿದ. ನೀನು ಯಾವುದು ಕುಡಿದೆ ಎಂದು ಕೇಳಿದ.

"ನನಗೆ ಮನೆ ಬಾವಿಯದೇ ರೂಢಿಯಾಗಿದೆ, ಬಿಡಿ" ಎಂದಳು.

ಅವಳು ಹೆಚ್ಚು ದಿನ ಉಳಿಯಲಿಲ್ಲ. ಕೋಲಿನ ಜೊತೆ ತಂದಿದ್ದ ಸೀರೆಯನ್ನೇ ಉಡಿಸಿ ಕಳಿಸಿದರು.

ಸುಟ್ಟು ಬಂದ ಮರುದಿನ ಅವನು ಕೊಡ ಎತ್ತಿಕೊಂಡು ಗುಡ್ಡದ ಬಾವಿಗೆ ನಡೆದ. ಬಾವಿಕಟ್ಟೆಯ ಹೆಂಗಸರು ನಗಲಿಲ್ಲ, ಜಾಗ ಬಿಟ್ಟುಕೊಟ್ಟರು. ಕುಂಟು ಕಾಲು ಮರಳಲ್ಲಿ ಹೂತು, ಮನೆ ಮುಟ್ಟುವಾಗ ಅರ್ಧ ಕೊಡ ಉಳಿದಿತ್ತು. ಕೋಲು ಗೋಡೆಗೆ ಒರಗಿ ನಿಂತಿತ್ತು. ಏಳು ವರ್ಷದ ಮೇಲೂ ಉಂಗುರಗಳಲ್ಲಿ ಒಂದು ಚುಕ್ಕೆ ತುಕ್ಕಿರಲಿಲ್ಲ. ಅದನ್ನು ನೋಡಿ ಅವನು ಕೂತು ಅತ್ತ. ಅತ್ತರೇನು ಬಂತು, ಹೋದವಳು ಬರುತ್ತಾಳೆಯೇ?

ಅವನ ಕೋಲಿನ ಬಾಳಿಕೆ ಆ ದಡದಲ್ಲೆಲ್ಲ ಹೆಸರಾಗಿತ್ತು. ಹೊಸದಾಗಿ ಗಾಳ ಹಿಡಿಯುವವರು ಯಾವ ಕೋಲು ಕೊಳ್ಳಲಿ ಎಂದು ಅವನನ್ನೇ ಕೇಳುತ್ತಿದ್ದರು. ಅಗ್ಗದ್ದನ್ನೇ ತೆಗೆದುಕೋ, ಸಿಹಿನೀರಲ್ಲಿ ತೊಳೆ ಎಂದು ಮೊದಲೆಲ್ಲ ಎದೆಯುಬ್ಬಿಸಿ ಹೇಳುತ್ತಿದ್ದ. ಅವಳು ಹೋದ ಮೇಲೆ ಒಬ್ಬ ಬಂದು ಅದನ್ನೇ ಕೇಳಿದ.

"ಮೊದಲು ಮನೆಗೆ ಹೋಗು. ನೀರು ಹೊರುವವಳನ್ನು ಕೇಳಿಕೊಂಡು ಬಾ" ಎಂದ ಮೀನುಗಾರ.

ಗುರುಗಳು ಕತೆ ನಿಲ್ಲಿಸಿದರು. ಈರಭದ್ರ ತಲೆ ಆಡಿಸಿದ. ಪಾಪ ಆ ಹೆಂಗಸು, ಎಂಥ ಕುರುಡ ಅವಳ ಗಂಡ ಎಂದ. ಗುರುಗಳು ಅವನ ಕಡೆ ತಿರುಗಿ ಕೇಳಿದರು.

"ಇಲ್ಲಿಗೆ ಬರುವಾಗ ನೀನು ತಂಗಿಯನ್ನು ಕೇಳಿದ್ದೆಯಾ?"