ಗವಿಯನೂ ಮೀನಿನ ಕರುಳೂ

ಇದು ನಡೆದದ್ದು ಹೋದ ವರ್ಷ, ದಸರೆ ಕಳೆದ ಮೇಲೆ. ಪಾರವ್ವನಿಗೆ ಒಬ್ಬನೇ ಮಗ, ಗವಿಯ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಅವಳ ಸಂಕಟವೇ ಅದು.

ಅವರದು ಮೀನುಗಾರರ ಸಂಘದಿಂದ ಗುತ್ತಿಗೆ ಹಿಡಿದ ಮೀನಿನ ಹೊಂಡ. ಮೀನು ಹಿಡಿಯುವ ದಿನ ಸಂಘದ ತಕ್ಕಡಿಯಲ್ಲಿ ಒಂದು ಕ್ವಿಂಟಲ್ ತೂಗಿದರೆ ಹೊಂಡ ಅವಳಿಗೇ ಉಳಿಯುತ್ತದೆ. ಇಲ್ಲವಾದರೆ ಪಕ್ಕದ ಮನೆಯ ಅಯ್ಯಾಳಪ್ಪನ ಪಾಲು. ಆ ಸಲ ಮೀನು ಹೊಟ್ಟೆ ಉಬ್ಬಿ ತೇಲತೊಡಗಿದವು.

"ಅಯ್ಯಾಳಪ್ಪನೇ ಏನೋ ಹಾಕ್ಯಾನ," ಎಂದಳು ಪಾರವ್ವ.

ಮೀನಿನ ಡಾಕ್ಟರಮ್ಮ ಬಂದು ನೋಡಿದರು. "ಯಾರೂ ಏನೂ ಹಾಕಿಲ್ಲ. ಮೀನಿನ ಕರುಳಾಗ ಕಣ್ಣಿಗೆ ಕಾಣದ ಜೀವಿ ಇರತಾವ. ಒಳ್ಳೇವು ಕಡಿಮಿ ಆಗಿ ಕೆಟ್ಟವು ಹೆಚ್ಚಾಗ್ಯಾವ. ಈ ಪುಡಿಯಾಗ ಒಳ್ಳೇವು ಅದಾವ. ಮೇವಿಗೆ ಕಲಸಿ ಹಾಕ್ರಿ."

ರೋಗದ ಮೀನಿಗೆ ಹುಳ ತಿನಿಸುವುದೇ? ಈಕೆಯೂ ಅಯ್ಯಾಳಪ್ಪನ ಕಡೆಯವಳಿರಬೇಕು. ಪಾರವ್ವ ಮಗನ ಕಿವಿಯಲ್ಲಿ ಹೇಳಿದಳು: "ಹೊರಗಿಂದ ಬಂದದ್ದನ್ನ ಹಂಗೇ ಯಾರ ಬಾಯಿಗೂ ಹಾಕಬ್ಯಾಡ."

ಗವಿಯ ಪುಡಿಯನ್ನು ಗಳಗಳ ಕುದಿಸಿ ಮೇವಿಗೆ ಕಲಸಿದ. ಮೀನು ತೇಲುವುದು ನಿಲ್ಲಲಿಲ್ಲ.

"ಕುದಿಸಿದೇನೋ? ಎಲ್ಲಾ ಸತ್ತುಹೋದವಲ್ಲೋ," ಎಂದರು ಡಾಕ್ಟರಮ್ಮ. "ಬೆಂಕಿ ತೋರಿಸಬಾರದು. ಬೆಲ್ಲದ ನೀರಾಗ ನೆನೆಸಿ ನೆರಳಾಗ ಇಡಬೇಕು."

"ಆಗಲ್ರೀ."

ಮರುದಿನ ಬೀಗರು ಬರುವವರಿದ್ದರು. ಮೀನಿನ ಅಡಿಗೆ ಮಾಡಿಡು ಎಂದು ಹೇಳಿ ಪಾರವ್ವ ಸಂತೆಗೆ ಹೋದಳು. ಬೀಗರು ಬಂದು ಮುಚ್ಚಳ ತೆಗೆದರೆ ಬೆಲ್ಲದ ನೀರಿನಲ್ಲಿ ಇಡೀ ಮೀನು ಕಣ್ಣು ಬಿಟ್ಟುಕೊಂಡಿತ್ತು.

"ಕರೆದು ಅಣಕಸ್ತೀರೇನು?" ಎಂದು ಬೀಗರು ಎದ್ದು ಹೋದರು.

ಸಂತೆಯಿಂದ ಬಂದ ಪಾರವ್ವ ಹಣೆ ಬಡಿದುಕೊಂಡಳು. "ಮೀನು ಕೈಗೆ ಸಿಕ್ಕರ ಮೊದಲು ಹೊಟ್ಟಿ ಸೀಳಿ ಕರುಳು ಒಗಿಯಬೇಕೋ, ಗೂಬೆ."

"ಆಗಲಿ ಬೇ."

ಅದೇ ವಾರ ಡಾಕ್ಟರಮ್ಮ ರೋಗದ ಮೀನೊಂದನ್ನು ಪರೀಕ್ಷೆಗೆ ತರಲು ಹೇಳಿದರು. ಗವಿಯ ಸೀಳಿ, ತೊಳೆದು, ಒರೆಸಿ ಒಯ್ದ.

"ಕರುಳೆಲ್ಲಿ?"

"ನಾಯಿ ತಿಂತ್ರಿ."

"ಕರುಳು ತೆಗಿ ಅಂದವರ್ಯಾರು?"

"ಅವ್ವ."

ಈಗ ಡಾಕ್ಟರಮ್ಮನಿಗೇ ಸಂಶಯ ಬಂತು. "ತಾಯಿ ಮಗ ಏನು ಮುಚ್ಚಿಡಾಕ ಹತ್ತೀರಿ? ಇರೋದೆಲ್ಲ ಕರುಳಾಗ ಐತಿ. ಇನ್ನ ಮುಂದ ಕರುಳು ಜ್ವಾಕಿಯಿಂದ ತಾ. ಉಳಿದದ್ದು ಬೇಕಾದವರಿಗೆ ಕೊಡು."

"ಆಗಲ್ರೀ."

ಆಮೇಲೆ ಪಾರವ್ವ ಮಗನನ್ನು ಹೊಂಡದ ಹತ್ತಿರ ಬಿಡಲಿಲ್ಲ. ಬೇರೆ ದಾರಿ ಕಾಣದೆ, ಗೊಣಗುತ್ತಲೇ, ಹೊಸ ಪುಡಿಯನ್ನು ತಾನೇ ಬೆಲ್ಲದ ನೀರಿನಲ್ಲಿ ನೆನೆಸಿ ತೌಡಿಗೆ ಕಲಸಿ ಹಾಕಿದಳು. ಮೀನು ತೇಲುವುದು ನಿಂತಿತು. ಮೈತುಂಬಿ ಬೆಳೆದವು.

ಹಿಡಿಯುವ ದಿನ ಬಂಡಿ ತುಂಬಿತು. ಕಣ್ಣಳತೆಗೇ ಒಂದು ಕ್ವಿಂಟಲ್ ಮೀರಿತ್ತು. ಹೊಂಡ ಬಿಟ್ಟು ಹೋದರೆ ಉಳಿದ ಮೀನನ್ನು ಅಯ್ಯಾಳಪ್ಪ ಕದ್ದಾನೆಂದು ಪಾರವ್ವ ಅಲ್ಲೇ ಕಾವಲು ಕುಳಿತಳು. ಮಗನಿಗೆ ಹೇಳಿದಳು: "ಸಂಘದಾಗ ತೂಗಿಸಿಕೊಂಡು ಬಾ. ಅಯ್ಯಾಳಪ್ಪಗ ಮಾತ್ರ ಒಂದು ಮೀನೂ ಮುಟ್ಟಗೊಡಬ್ಯಾಡ."

ಗವಿಯ ದಾರಿಯ ಬೇವಿನ ಮರದಡಿ ಬಂಡಿ ನಿಲ್ಲಿಸಿ ಚಾಕು ತೆಗೆದ. ಬೇಕಾದವರೆಲ್ಲ ಬಂದರು. ಬೇಕಾದಷ್ಟು ಒಯ್ದರು. ಅಯ್ಯಾಳಪ್ಪನೂ ಬಂದ. ಅವನೊಬ್ಬನಿಗೆ ಕೊಡಲಿಲ್ಲ.

ಸಂಜೆಗೆ ಸಂಘದ ತಕ್ಕಡಿಯ ಮೇಲೆ ಒಂದು ಬಕೆಟ್ ಇಟ್ಟ. "ಜ್ವಾಕಿರೀ. ಇರೋದೆಲ್ಲ ಇದರಾಗ ಐತಿ."

ಗುಮಾಸ್ತ ಮುಳ್ಳು ನಿಲ್ಲುವವರೆಗೆ ಕಾದು, ಗಟ್ಟಿಯಾಗಿ ಓದಿದ.

ಹನ್ನೊಂದು ಕಿಲೋ.