ಮುಖದ ನಡುವೆ ಒಂಟಿ

ಮೆಣಸಿನಕಾಯಿ ತೊಟ್ಟು ಬಿಡಿಸುವ ಫಕೀರವ್ವನ ಮೂಗು ಮೂರು ವರ್ಷ ಸೀನಿತು. ಒಳಗೆ ಹೋಗುವ ಗಾಳಿಯನ್ನು ಸೋಸಿ, ಬೆಚ್ಚಗೆ ಮಾಡಿ ಕಳಿಸುವುದು ಅದರ ಕೆಲಸ. ಅದು ಸೀನಿದಾಗಲೆಲ್ಲ ಫಕೀರವ್ವ, "ಘಾಟಿಗೆ ಸೀನು ಬರದ ಇರತೈತೇನು?" ಎಂದು ಸೆರಗಿನಿಂದ ಒರೆಸಿ ಸುಮ್ಮನಾಗುತ್ತಿದ್ದಳು. ಕಡೆಗೆ ಮೂಗು ಪೂರ್ತಿ ಕಟ್ಟಿತು. ಗಾಳಿ ಬಾಯಿಂದ ಹೋಗತೊಡಗಿತು. ಕೆಲಸ ಕಳೆದುಕೊಂಡ ಮೂಗು ಮುಖದ ನಡುವೆ ಇದ್ದೂ ಒಂಟಿಯಾಯಿತು.

ಸ್ವಲ್ಪ ದಿನಕ್ಕೆ ಎದೆಯೊಳಗಿನ ಶ್ವಾಸಕೋಶ ಸುಯ್ಗುಡತೊಡಗಿತು. ಮೂಗು ಕೆಳಕ್ಕೆ ಕೂಗಿ ಹೇಳಿತು: "ಅಣ್ಣಾ, ಬಾಯಿಗೆ ಗಾಳಿ ಸೋಸಲು ಬರುವುದಿಲ್ಲ. ಮೊದಲು ನನ್ನನ್ನು ವಾಸಿ ಮಾಡಿಸು."

"ನನ್ನದು ಉಬ್ಬಸ, ನಿನ್ನದು ಬರೀ ನೆಗಡಿ. ನಿನಗೂ ನನಗೂ ಏನು ಸಂಬಂಧ?"

"ಇಬ್ಬರಿಗೂ ಒಳಗೆ ಹಾಸಿರುವುದು ಒಂದೇ ಪದರ, ಅಣ್ಣಾ. ಇಲ್ಲಿಯ ಊತ ಅಲ್ಲಿಗೂ ಇಳಿಯುತ್ತದೆ."

ಫಕೀರವ್ವ ಉಬ್ಬಸಕ್ಕೆಂದು ಡಾಕ್ಟರ ಹತ್ತಿರ ಹೋದಳು. ಅದಕ್ಕೆ ಉಸಿರಿನೊಂದಿಗೆ ಎಳೆದುಕೊಳ್ಳುವ ಔಷಧಿ ಬಂತು. ಅದೂ ಬಾಯಿಂದಲೇ ಹೋಯಿತು, ಮೂಗಿನ ಕಡೆ ತಿರುಗಿ ನೋಡಲಿಲ್ಲ. ಎರಡು ತಿಂಗಳಾದರೂ ಉಬ್ಬಸ ಪೂರ್ತಿ ಇಳಿಯಲಿಲ್ಲ.

ಮೂರನೆಯ ಸಲ ಹೋದಾಗ ಡಾಕ್ಟರು ಎದೆಯ ಸದ್ದು ಕೇಳಿ, ಮುಖ ನೋಡಿದರು. "ಮೂಗು ಕಟ್ಟಿ ಎಷ್ಟು ದಿನ ಆತವ್ವ?"

ಫಕೀರವ್ವನಿಗೆ ನೆನಪಾಗಲಿಲ್ಲ. ಆಗ ಶ್ವಾಸಕೋಶವೇ ಏದುಸಿರು ಬಿಡುತ್ತ ಮೇಲಕ್ಕೆ ಕೂಗಿತು: "ತಮ್ಮಾ, ನಿನ್ನನ್ನೇ ಕೇಳುತ್ತಿದ್ದಾರೆ. ಹೇಳು."

ಮೂಗಿನಿಂದ ನೀರಿಳಿಯಿತು. ಫಕೀರವ್ವ ಅಭ್ಯಾಸದಂತೆ ಸೆರಗು ಎತ್ತಿದಳು.

"ಒರಸಬ್ಯಾಡವ್ವ," ಎಂದರು ಡಾಕ್ಟರು, "ನೋಡತೀನಿ."